ಬಾಡಿಗೆ ಕಟ್ಟಡಕ್ಕೂ ಒಂದು ಖಾತೆ ಪುಸ್ತಕವಿರಲಿ

ಪ್ರತಿವರ್ಷ ದೀಪಾವಳಿ ಪಾಡ್ಯದಂದು ಹೊಸ ಖಾತೆ ಪುಸ್ತಕಗಳ ಪೂಜೆಗೆ ಆಮಂತ್ರಣ ಬಂದಾಗ ನಾಲ್ಕಾರು ಅಂಗಡಿಗಳಿಗೆ ಹೋಗಿ ಬರುವುದು ನಮ್ಮ ವೃತ್ತಿಯವರ ರೂಢಿ. ಫರಾಳ ಮುಗಿದು ಚಹಾ ಬರುವಷ್ಟರಲ್ಲಿ ಒಂದು ಪ್ರಶ್ನೆ ತಪ್ಪದೆ ಎದುರಾಗುತ್ತದೆ: "ಸಾಹೇಬರ, ಒಂದಿಷ್ಟು ರೊಕ್ಕ ಕೂಡೇತಿ. ಎರಡು ಗಾಳೆ ಕಟ್ಟಿಸಿ ಬಾಡಿಗಿಗೆ ಕೊಡೂದು ಚಲೋನೋ, ಬ್ಯಾಂಕಿನ್ಯಾಗ ಇಡೂದು ಚಲೋನೋ?" ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರೂ ಊರುಗಳಲ್ಲಿ ನಾನು ಈ ಪ್ರಶ್ನೆಯನ್ನು ಕೇಳಿಸಿಕೊಂಡಿದ್ದೇನೆ. ಕೇಳುವವರು ಉತ್ತರವನ್ನು ಬಹುಮಟ್ಟಿಗೆ ತಾವೇ ತೀರ್ಮಾನಿಸಿಕೊಂಡಿರುತ್ತಾರೆ. ನಿವೇಶನ ನೋಡಿ ಆಗಿರುತ್ತದೆ. ಕೆಲವೊಮ್ಮೆ ಸಂಚಕಾರವನ್ನೂ ಕೊಟ್ಟಾಗಿರುತ್ತದೆ.

ಬಾಡಿಗೆ ಕಟ್ಟಡ ಬೇಡವೆಂದು ನಾನು ಯಾರಿಗೂ ಹೇಳಿಲ್ಲ. ವ್ಯಾಪಾರದಿಂದ ನಿವೃತ್ತರಾಗುವವರಿಗೆ, ಮಕ್ಕಳು ಪರಊರಿನಲ್ಲಿ ನೌಕರಿಗೆ ಸೇರಿರುವವರಿಗೆ ತಿಂಗಳ ಬಾಡಿಗೆಯಂತಹ ಆಧಾರ ಬೇರೊಂದಿಲ್ಲ. ಆದರೆ ಬಾಡಿಗೆ ಕಟ್ಟಡವೆಂಬುದು ಒಮ್ಮೆ ಕಟ್ಟಿಸಿ ಮರೆಯುವ ವಸ್ತುವಲ್ಲ. ಅದು ಎರಡನೆಯ ವ್ಯಾಪಾರ. ಮೊದಲನೆಯ ವ್ಯಾಪಾರದಲ್ಲಿ ಒಂದು ಚೀಲ ಸಕ್ಕರೆಯ ಲಾಭವನ್ನು ಪೈಸೆಯವರೆಗೆ ಲೆಕ್ಕ ಹಾಕುವ ನಮ್ಮ ವ್ಯಾಪಾರಸ್ಥರು ಈ ಎರಡನೆಯದಕ್ಕೆ ಒಂದು ಪುಟವನ್ನೂ ತೆರೆಯುವುದಿಲ್ಲ ಎಂಬುದೇ ನನ್ನ ತಕರಾರು.

ಒಂದು ಲೆಕ್ಕವನ್ನು ನೋಡೋಣ. ಸಂಖ್ಯೆಗಳು ಉದಾಹರಣೆಗಾಗಿ ಮಾತ್ರ. ಓದುಗರು ತಮ್ಮ ಊರಿನ ದರ ಹಾಕಿಕೊಳ್ಳಬಹುದು. ನಿವೇಶನ, ಕಟ್ಟಡ, ನೋಂದಣಿ ಖರ್ಚು ಎಲ್ಲ ಸೇರಿ 40 ಲಕ್ಷ ರೂಪಾಯಿಯ ಮಳಿಗೆ. ತಿಂಗಳಿಗೆ 14,000 ರೂ. ಬಾಡಿಗೆ. ವರ್ಷಕ್ಕೆ 1,68,000 ರೂ. ಆಯಿತು. ಸಂತೋಷವಾಗಿ ಹೇಳಿಕೊಳ್ಳುವ ಅಂಕಿ ಇದೇ. ಈಗ ಕಳೆಯುತ್ತ ಹೋಗೋಣ. ಬಾಡಿಗೆದಾರರು ಬದಲಾಗುವಾಗ ಮಳಿಗೆ ಖಾಲಿ ಬೀಳುತ್ತದೆ. ಸರಾಸರಿ ವರ್ಷಕ್ಕೆ ಒಂದು ತಿಂಗಳೆಂದು ಹಿಡಿದರೆ 14,000 ರೂ. ಹೋಯಿತು. ಆಸ್ತಿ ತೆರಿಗೆ 9,000 ರೂ., ಬಣ್ಣ, ಶಟರ್, ಸೋರುವ ಛಾವಣಿ, ವಿಮೆ ಇವುಗಳಿಗೆ 12,000 ರೂ. ಉಳಿದದ್ದು 1,33,000 ರೂ. ಇನ್ನು ಆದಾಯ ತೆರಿಗೆ. ಕೈಗೆ ಬಂದ ಬಾಡಿಗೆಯಲ್ಲಿ ಪಾವತಿಸಿದ ಆಸ್ತಿ ತೆರಿಗೆಯನ್ನು ಕಳೆದರೆ 1,45,000 ರೂ.; ಅದರಲ್ಲಿ ಶೇ. 30ರಷ್ಟು ಕಡಿತ ಎಲ್ಲರಿಗೂ ಸಿಗುತ್ತದೆ, ರಿಪೇರಿಗೆ ಖರ್ಚು ಮಾಡಿದ್ದರೂ ಸರಿ, ಮಾಡದಿದ್ದರೂ ಸರಿ. ಉಳಿದ 1,01,500 ರೂಪಾಯಿಗೆ ಶೇ. 20ರ ಹಂತದಲ್ಲಿರುವವರು ಸೆಸ್ ಸೇರಿ ಸುಮಾರು 21,100 ರೂ. ತೆರಿಗೆ ಕೊಡುತ್ತಾರೆ. ಕೊನೆಗೆ ಕೈಯಲ್ಲಿ ನಿಲ್ಲುವುದು 1,12,000 ರೂಪಾಯಿಗೂ ಕಡಿಮೆ. 40 ಲಕ್ಷಕ್ಕೆ ಇದು ಶೇ. 2.8. ಬ್ಯಾಂಕಿನ ಸಾಮಾನ್ಯ ಠೇವಣಿ ತೆರಿಗೆ ಕಳೆದ ಮೇಲೂ ಇದಕ್ಕಿಂತ ಹೆಚ್ಚು ಕೊಡುತ್ತದೆ.

"ಆದರೆ ಜಾಗದ ಬೆಲೆ ಏರುತ್ತದಲ್ಲ" ಎನ್ನುತ್ತಾರೆ. ನಿಜ, ಏರುವುದು ಜಾಗದ ಬೆಲೆ. ಕಟ್ಟಡದ ಬೆಲೆ ವರ್ಷವರ್ಷಕ್ಕೆ ಇಳಿಯುತ್ತದೆ. ಆದ್ದರಿಂದ 40 ಲಕ್ಷದಲ್ಲಿ ಜಾಗಕ್ಕೆಷ್ಟು, ಗಿಲಾವಿಗೆಷ್ಟು ಎಂಬುದನ್ನು ಬೇರೆ ಬೇರೆಯಾಗಿ ಬರೆದುಕೊಳ್ಳಬೇಕು. ನೆಲದ ಮೇಲೆ ಕಡಿಮೆ ಹಣ, ಅಮೃತಶಿಲೆ ಹಾಗೂ ಗಾಜಿನ ಮುಂಭಾಗಕ್ಕೆ ಹೆಚ್ಚು ಹಣ ಹಾಕಿದವರು ಮಾರುವ ದಿನ ನಿರಾಶೆಗೊಂಡದ್ದನ್ನು ನಾನು ಕಂಡಿದ್ದೇನೆ.

ಇದೇ ಮಳಿಗೆಗೆ 25 ಲಕ್ಷ ಸಾಲ ಮಾಡಿದ್ದರೆ ಚಿತ್ರ ಇನ್ನೂ ಬೇರೆ. ಶೇ. 9.5ರಂತೆ ಮೊದಲ ವರ್ಷದ ಬಡ್ಡಿಯೇ ಹೆಚ್ಚುಕಡಿಮೆ 2,37,000 ರೂ. ಮೇಲಿನ 1,33,000 ರೂಪಾಯಿ ಪೂರ್ತಿ ಬಡ್ಡಿಗೆ ಹೋಗಿ, ಮೇಲೆ ಒಂದು ಲಕ್ಷ ರೂಪಾಯಿ ಮತ್ತು ಅಸಲಿನ ಕಂತು ಕಿಸೆಯಿಂದ ಹೋಗಬೇಕು. ಬಡ್ಡಿಯಿಂದ ತೆರಿಗೆ ಉಳಿಯುತ್ತದೆಂಬ ಸಮಾಧಾನವೂ ಈಗ ಪೂರ್ತಿ ಉಳಿದಿಲ್ಲ. ಹಳೆಯ ತೆರಿಗೆ ಪದ್ಧತಿಯಲ್ಲಿ ಗೃಹ ಆಸ್ತಿಯ ನಷ್ಟವನ್ನು ಇತರ ಆದಾಯದೊಡನೆ ಹೊಂದಿಸಲು 2017ರ ಹಣಕಾಸು ಕಾಯ್ದೆಯಿಂದ ವರ್ಷಕ್ಕೆ 2 ಲಕ್ಷದ ಮಿತಿ ಬಂದಿತು. ಹೊಸ ಪದ್ಧತಿಯನ್ನು ಆಯ್ದುಕೊಂಡವರಿಗೆ ಆ ಹೊಂದಾಣಿಕೆಯೇ ಇಲ್ಲ. 2026ರ ಏಪ್ರಿಲ್ 1ನ್ನು ಜಾರಿಯ ದಿನವಾಗಿ ಹೊಂದಿರುವ 2025ರ ಆದಾಯ ತೆರಿಗೆ ಕಾಯ್ದೆಯಲ್ಲಿ ಕಲಮುಗಳ ಸಂಖ್ಯೆ ಬದಲಾಗಿದ್ದರೂ ಬಾಡಿಗೆಯ ಲೆಕ್ಕದ ತಿರುಳು ಹಾಗೆಯೇ ಇದೆ.

ಎಲ್ಲಕ್ಕಿಂತ ಹೆಚ್ಚಿನ ಅಪಾಯ ಇರುವುದು ಹಣ ಎಲ್ಲಿಂದ ಬಂತು ಎಂಬಲ್ಲಿ. ನಮ್ಮ ಭಾಗದ ಪೇಟೆ ಕಬ್ಬಿನ ಬಿಲ್ಲಿನ ಮೇಲೆ ನಡೆಯುವ ಪೇಟೆ. ಕಾರ್ಖಾನೆಗಳ ನುರಿಸುವ ಹಂಗಾಮು ಮುಗಿದು ಬಿಲ್ಲು ಜಮೆಯಾದಾಗ ಅಂಗಡಿಯಲ್ಲಿ ರೊಕ್ಕ ಕಾಣುತ್ತದೆ. ಆ ರೊಕ್ಕ ಲಾಭವಲ್ಲ. ಮುಂದಿನ ಹಂಗಾಮಿನ ಉದ್ರಿಗೆ ಬೇಕಾದ ಬಂಡವಾಳ. ನನ್ನ ಕಕ್ಷಿದಾರರೊಬ್ಬರು, ಇಪ್ಪತ್ತು ವರ್ಷ ಗೊಬ್ಬರ ಮತ್ತು ಬೀಜದ ವ್ಯಾಪಾರ ಅಚ್ಚುಕಟ್ಟಾಗಿ ನಡೆಸಿದವರು, ಇಂತಹ ಒಂದು ಬೇಸಿಗೆಯಲ್ಲಿ ಸಿ.ಸಿ. ಖಾತೆಯಿಂದ ಹಣ ತೆಗೆದು ಆರು ಮಳಿಗೆಗಳ ಕಟ್ಟಡಕ್ಕೆ ಕೈಹಾಕಿದರು. ಬುನಾದಿ ಮುಗಿಯುವಷ್ಟರಲ್ಲಿ ಮುಂಗಾರು ಬಂತು. ಮಾಲು ತುಂಬಲು ಹಣವಿಲ್ಲ. ಕಂಪನಿಗೆ ಮುಂಗಡ ಕಟ್ಟಿದವರಿಗೆ ಸಿಗುವ ರಿಯಾಯಿತಿ ತಪ್ಪಿತು. ಗಿರಾಕಿಗಳು ಎದುರಿನ ಅಂಗಡಿಗೆ ಹೋದರು. ಕಟ್ಟಡ ಇಂದು ನಿಂತಿದೆ, ಬಾಡಿಗೆಯೂ ಬರುತ್ತಿದೆ. ವ್ಯಾಪಾರ ಮಾತ್ರ ಅರ್ಧಕ್ಕೆ ಇಳಿಯಿತು. ಬಂಡವಾಳವು ವರ್ಷಕ್ಕೆ ನಾಲ್ಕು ಸುತ್ತು ತಿರುಗಿ ಪ್ರತಿ ಸುತ್ತಿನಲ್ಲಿ ನಿವ್ವಳ ಶೇ. 3 ಉಳಿದರೂ ಶೇ. 12 ಆಗುತ್ತದೆ. ಅದನ್ನು ಕಿತ್ತು ಶೇ. 3ರ ಆಸುಪಾಸಿನ ಬಾಡಿಗೆಗೆ ಹಾಕುವುದು ವ್ಯಾಪಾರಸ್ಥನ ಲೆಕ್ಕವೆನಿಸಲಾರದು. ಬ್ಯಾಂಕಿನವರು ದುಡಿಯುವ ಬಂಡವಾಳವೆಂದು ಕೊಟ್ಟ ಹಣವನ್ನು ಕಟ್ಟಡಕ್ಕೆ ತಿರುಗಿಸುವುದು ಸಾಲದ ಷರತ್ತಿಗೂ ವಿರುದ್ಧ ಎಂಬುದನ್ನು ಬೇರೆ ಹೇಳಬೇಕಿಲ್ಲ.

ಎಲ್ಲಿ ಕೊಳ್ಳಬೇಕು ಎಂಬುದರ ಬಗ್ಗೆ ಎರಡು ಮಾತು. ಮೂಡಲಗಿ 2018ರಲ್ಲಿ ಗೋಕಾಕ ತಾಲೂಕಿನಿಂದ ಬೇರ್ಪಟ್ಟು ತಾಲೂಕು ಕೇಂದ್ರವಾಯಿತು. ಕಚೇರಿ ಬಂದಲ್ಲಿ ಝೆರಾಕ್ಸ್ ಅಂಗಡಿ, ಅರ್ಜಿ ಬರೆಯುವವರು, ವಕೀಲರು, ಚಹಾದಂಗಡಿ ಬರುವುದು ಸಹಜ, ಬಾಡಿಗೆಯೂ ಏರುತ್ತದೆ. ಆದರೆ ಬಾಡಿಗೆ ಕಟ್ಟಡದಲ್ಲಿರುವ ಸರಕಾರಿ ಕಚೇರಿ ಎಂದಾದರೊಂದು ದಿನ ಸ್ವಂತ ಕಟ್ಟಡಕ್ಕೆ ಹೋಗುತ್ತದೆ. ಅದರೊಡನೆ ಜನಸಂದಣಿಯೂ ಹೋಗುತ್ತದೆ. ಹುಕ್ಕೇರಿ ಪಟ್ಟಣ ಮತ್ತು ಅದೇ ತಾಲೂಕಿನ, ಪುಣೆ-ಬೆಂಗಳೂರು ಹೆದ್ದಾರಿಯ ಮೇಲಿರುವ ಸಂಕೇಶ್ವರದ ಪೇಟೆಗಳನ್ನು ಒಂದೇ ಅಳತೆಯಲ್ಲಿ ನೋಡಬಾರದು. ಹೆದ್ದಾರಿಯ ಮಳಿಗೆ ಬಯಸುವವನು ಬೇರೆ, ಓಣಿಯ ಕಿರಾಣಿ ಅಂಗಡಿ ಬಯಸುವವನು ಬೇರೆ. ಗೋಕಾಕದಲ್ಲಂತೂ "ಜಿಲ್ಲೆ ಆಗುತ್ತದೆ, ಈಗಲೇ ಹಿಡಿಯಿರಿ" ಎಂಬ ಮಾತು ನಿವೇಶನ ಮಾರುವವರ ಬಾಯಿಪಾಠವಾಗಿದೆ. 1997ರಲ್ಲಿ ಜೆ.ಎಚ್. ಪಟೇಲರ ಸರಕಾರ ಗೋಕಾಕ ಮತ್ತು ಚಿಕ್ಕೋಡಿ ಜಿಲ್ಲೆಗಳನ್ನು ಘೋಷಿಸಿ ಹಿಂದೆಗೆದುಕೊಂಡಿತು. ಆಗ ಕೊಂಡವರು ಎಷ್ಟು ವರ್ಷ ಕಾದರೆಂದು ಕೇಳಿ ನೋಡಬಹುದು. ಜಿಲ್ಲೆ ಆಗಲೆಂದು ನಾನೂ ಹಾರೈಸುವವನೇ. ಆದರೆ ಇಂದಿನ ಬಾಡಿಗೆಯಿಂದ ಸಮರ್ಥಿಸಲಾಗದ ಬೆಲೆಯನ್ನು ನಾಳಿನ ಘೋಷಣೆಯ ಮೇಲೆ ಕೊಡಬಾರದು.

ಕಾಗದಪತ್ರಗಳ ವಿಷಯದಲ್ಲಿ ಹೆಚ್ಚು ಬರೆಯುವುದಿಲ್ಲ, ಅದು ವಕೀಲರ ಕ್ಷೇತ್ರ. ಸಿಟಿ ಸರ್ವೆ ಉತಾರ, ಎನ್.ಎ. ಆದೇಶ, ಇ-ಖಾತೆ, ಋಣಭಾರ ಪ್ರಮಾಣಪತ್ರ, ಪಿತ್ರಾರ್ಜಿತವಾದರೆ ವಾಟಣಿ ಪತ್ರ ಮತ್ತು ಎಲ್ಲ ಅಣ್ಣತಮ್ಮ, ಅಕ್ಕತಂಗಿಯರ ಸಹಿ ಇಷ್ಟನ್ನು ನೋಡದೆ ಸಂಚಕಾರ ಕೊಡಕೂಡದು. ಸಂಚಕಾರವನ್ನು 20,000 ರೂ. ಅಥವಾ ಅದಕ್ಕೂ ಮೇಲೆ ನಗದಾಗಿ ಕೊಟ್ಟು ಪಡೆಯುವುದು 2015ರ ಜೂನ್‌ನಿಂದ ನಿಷಿದ್ಧ. ಪಡೆದವನಿಗೆ ಅಷ್ಟೇ ಮೊತ್ತದ ದಂಡವಿದೆ.

ಕರಾರು ಪತ್ರದ ವಿಷಯದಲ್ಲಿ ಮಾತ್ರ ಸ್ವಲ್ಪ ನಿಲ್ಲುತ್ತೇನೆ. ಏಕೆಂದರೆ ಇಲ್ಲಿ ನಾನೇ ಎಡವಿದ್ದೇನೆ. ಹಲವು ವರ್ಷಗಳ ಹಿಂದೆ ನಮ್ಮ ತಂದೆಯವರ ಕಾಲದ ಒಂದು ಮಳಿಗೆಯನ್ನು ಮೂರು ವರ್ಷದ ಕರಾರಿನ ಮೇಲೆ ಕೊಟ್ಟೆ. ವರ್ಷಕ್ಕೆ ಶೇ. 8 ಏರಿಕೆ, ಮಧ್ಯದಲ್ಲಿ ಬಿಟ್ಟರೆ ಮೂರು ತಿಂಗಳ ಬಾಡಿಗೆ ಇತ್ಯಾದಿ ಎಲ್ಲ ಷರತ್ತುಗಳನ್ನು ನಾನೇ ಬರೆದು, ಬಾಂಡ್ ಕಾಗದದ ಮೇಲೆ ಇಬ್ಬರು ಸಾಕ್ಷಿದಾರರ ಸಹಿ ಹಾಕಿಸಿದೆ. ನೋಂದಣಿ ಮಾಡಿಸಲಿಲ್ಲ, ಖರ್ಚು ಉಳಿಯಿತೆಂದುಕೊಂಡೆ. ಎರಡನೆಯ ವರ್ಷ ಏರಿಕೆ ಕೇಳಿದಾಗ ಬಾಡಿಗೆದಾರ "ಆಗೂದಿಲ್ರಿ" ಎಂದ. ಕಾಗದ ಹಿಡಿದುಕೊಂಡು ವಕೀಲ ಮಿತ್ರರ ಬಳಿ ಹೋದರೆ ಅವರು ನಕ್ಕರು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ ಪ್ರಕಾರ ಒಂದು ವರ್ಷಕ್ಕೆ ಮೀರಿದ ಬಾಡಿಗೆ ಕರಾರು ನೋಂದಣಿಯಾಗದಿದ್ದರೆ ಅದರ ಷರತ್ತುಗಳನ್ನು ನ್ಯಾಯಾಲಯದಲ್ಲಿ ಊರ್ಜಿತಗೊಳಿಸಲು ಬರುವುದಿಲ್ಲ. ಉಳಿಯುವುದು ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆ ಸಂಬಂಧ ಮಾತ್ರ. ಊರಿಗೆಲ್ಲ ಬುದ್ಧಿ ಹೇಳುವವನು ತನ್ನ ಮನೆಯ ಕಾಗದವನ್ನು ಹೀಗೆ ಕೆಡಿಸಿಕೊಂಡಿದ್ದ. ಆದ್ದರಿಂದ ಹನ್ನೊಂದು ತಿಂಗಳಾದರೆ ಯೋಗ್ಯ ಮುದ್ರಾಂಕ ಶುಲ್ಕದ ಕರಾರು, ಅದಕ್ಕೂ ಹೆಚ್ಚಾದರೆ ನೋಂದಣಿ. ಮೂರನೆಯ ದಾರಿ ಇಲ್ಲ. ಹನ್ನೊಂದು ತಿಂಗಳು ಮುಗಿದಾಗ ಹೊಸ ಕರಾರು ಬರೆಯುವುದನ್ನು ಮರೆಯುವವರು ಬಹಳ. ಖಾತೆ ಪುಸ್ತಕದ ಪುಟದ ಮೇಲ್ಭಾಗದಲ್ಲಿಯೇ ಆ ದಿನಾಂಕ ಬರೆದಿಡತಕ್ಕದ್ದು.

"ಬಾಡಿಗೆದಾರ ಒಮ್ಮೆ ಹೊಕ್ಕರೆ ಬಿಡುವುದಿಲ್ಲ" ಎಂಬ ಹಿರಿಯರ ಭಯ 1961ರ ಬಾಡಿಗೆ ನಿಯಂತ್ರಣ ಕಾಯ್ದೆಯ ಕಾಲದ್ದು. ಅದರ ಸ್ಥಾನದಲ್ಲಿ ಬಂದ 1999ರ ಕರ್ನಾಟಕ ಬಾಡಿಗೆ ಕಾಯ್ದೆ 2001ರ ಡಿಸೆಂಬರ್ 31ರಿಂದ ಜಾರಿಗೊಂಡಿತು. 14 ಚದರ ಮೀಟರಿಗಿಂತ, ಅಂದರೆ ಸುಮಾರು 150 ಚದರ ಅಡಿಗಿಂತ ದೊಡ್ಡದಾದ ವಾಣಿಜ್ಯ ಮಳಿಗೆಗಳು ಈ ಕಾಯ್ದೆಯ ಹೊರಗಿವೆ. ಅವುಗಳಿಗೆ 1882ರ ಕಾಯ್ದೆಯೇ ಆಧಾರ. ಕರಾರಿನಲ್ಲಿ ಬೇರೆ ಹೇಳದಿದ್ದರೆ ತಿಂಗಳ ಬಾಡಿಗೆಗೆ 15 ದಿನಗಳ ನೋಟೀಸು ಸಾಕು. ಆದರೆ ನಮ್ಮ ಓದುಗರಲ್ಲಿ ಶೆಡ್‌ಗಳನ್ನು ಬಾಡಿಗೆಗೆ ಕೊಡುವ, ಬಾಡಿಗೆಗೆ ಹಿಡಿಯುವ ಸಣ್ಣ ಕೈಗಾರಿಕೋದ್ಯಮಿಗಳೂ ಇದ್ದಾರೆ. ಅವರು ಗಮನಿಸತಕ್ಕ ಅಂಶವೆಂದರೆ, ಉತ್ಪಾದನೆಯ ಉದ್ದೇಶಕ್ಕೆ ಕೊಟ್ಟ ಕಟ್ಟಡಕ್ಕೆ ಕರಾರು ಮೌನವಾಗಿದ್ದರೆ ಆರು ತಿಂಗಳ ನೋಟೀಸು ಬೇಕು. ಒಂದು ಸಾಲು ಬರೆಯದಿದ್ದ ತಪ್ಪಿಗೆ ಅರ್ಧ ವರ್ಷ.

ಇನ್ನು ಜಿ.ಎಸ್.ಟಿ. ನಮ್ಮ ವ್ಯಾಪಾರಸ್ಥರು ಅತಿ ಹೆಚ್ಚು ಮೋಸಹೋಗುವುದು ಇಲ್ಲಿಯೇ. "ಬಾಡಿಗೆ 20 ಲಕ್ಷದೊಳಗಿದೆ, ನಮಗೆ ಜಿ.ಎಸ್.ಟಿ. ಇಲ್ಲ" ಎನ್ನುತ್ತಾರೆ. ಆ ಮಿತಿ ಬಾಡಿಗೆಯೊಂದಕ್ಕೇ ಅಲ್ಲ, ಒಂದು ಪ್ಯಾನ್ ಸಂಖ್ಯೆಯ ಒಟ್ಟು ವಹಿವಾಟಿಗೆ. ಸ್ವಂತ ಹೆಸರಿನಲ್ಲಿ ಅಂಗಡಿ ನಡೆಸಿ ನೋಂದಣಿ ಪಡೆದವರು ಅದೇ ಹೆಸರಿನ ಮಳಿಗೆಯ ಬಾಡಿಗೆಗೆ ಮೊದಲ ರೂಪಾಯಿಯಿಂದಲೇ ಶೇ. 18 ತೆರಿಗೆ ಹಾಕಿ ಬಿಲ್ಲು ಕೊಡಬೇಕು. ವರ್ಷಗಟ್ಟಲೆ ಬಿಟ್ಟು ಒಮ್ಮೆಲೇ ನೋಟೀಸು ಬಂದಾಗ ತೆರಿಗೆ, ಬಡ್ಡಿ, ದಂಡ ಸೇರಿ ಕೈಯಿಂದ ಹೋಗುತ್ತದೆ. ಬಿಟ್ಟು ಹೋದ ಬಾಡಿಗೆದಾರನಿಂದ ಅದನ್ನು ವಸೂಲು ಮಾಡಲು ಸಾಧ್ಯವೇ? ಮಾಲೀಕರಿಗೆ ನೋಂದಣಿ ಇಲ್ಲದೆ ಬಾಡಿಗೆದಾರರಿಗೆ ಇದ್ದರೆ, 2024ರ ಅಕ್ಟೋಬರ್ 10ರಿಂದ ವಾಣಿಜ್ಯ ಬಾಡಿಗೆಯ ಮೇಲಿನ ತೆರಿಗೆಯನ್ನು ಬಾಡಿಗೆದಾರರೇ ರಿವರ್ಸ್ ಚಾರ್ಜ್ ಪದ್ಧತಿಯಲ್ಲಿ ಕಟ್ಟಬೇಕು. ಕಾಂಪೊಸಿಷನ್ ವರ್ತಕರಿಗೆ ಮಾತ್ರ 2025ರ ಜನವರಿ 16ರಿಂದ ಇದರಿಂದ ವಿನಾಯಿತಿ ದೊರೆತಿದೆ. ಬೇರೆಯವರ ಮಳಿಗೆಯಲ್ಲಿರುವ ನಮ್ಮ ಸದಸ್ಯರು ಈ ಸಾಲನ್ನು ಎರಡು ಬಾರಿ ಓದಬೇಕಾಗಿ ವಿನಂತಿ. ಬ್ಯಾಂಕು ಅಥವಾ ಕಂಪನಿಯಂತಹ ಬಾಡಿಗೆದಾರರಿದ್ದು ತಿಂಗಳ ಬಾಡಿಗೆ 50,000 ರೂ. ಮೀರಿದರೆ 2025ರ ಏಪ್ರಿಲ್‌ನಿಂದ ಶೇ. 10ರ ಟಿ.ಡಿ.ಎಸ್. ಅನ್ವಯ, ಅದಕ್ಕೆ ಮೊದಲು ವರ್ಷಕ್ಕೆ 2.40 ಲಕ್ಷದ ಮಿತಿಯಿತ್ತು.

ತೆರಿಗೆ ಉಳಿಸಲೆಂದು ಮಳಿಗೆಯನ್ನು ಮನೆಯವರ ಹೆಸರಿನಲ್ಲಿ ಕೊಳ್ಳುವ ಪರಿಪಾಠವೂ ಇದೆ. ಪತಿಯ ಹಣದಿಂದ ಪತ್ನಿಯ ಹೆಸರಿಗೆ ಕೊಂಡರೆ ಬಾಡಿಗೆ ಪತಿಯ ಆದಾಯಕ್ಕೇ ಸೇರುತ್ತದೆ. ಪತ್ನಿಗೆ ಸ್ವಂತ ಆದಾಯವಿದ್ದು ಅದರಿಂದ ಕೊಂಡದ್ದಾದರೆ ಮಾತು ಬೇರೆ. ಹೆಣ್ಣುಮಕ್ಕಳ ಹೆಸರಿನಲ್ಲಿ ಆಸ್ತಿ ಇರುವುದು ಬೇರೆ ಕಾರಣಗಳಿಗಾಗಿ ಒಳ್ಳೆಯದೇ. ತೆರಿಗೆಯನ್ನು ಅದಕ್ಕೆ ಕಾರಣ ಮಾಡಬಾರದು ಅಷ್ಟೆ.

ದಿನನಿತ್ಯದ ನಿರ್ವಹಣೆಗೆ ಬಂದರೆ, ಖಾತೆ ಪುಸ್ತಕದಲ್ಲಿ ಪ್ರತಿ ಮಳಿಗೆಗೊಂದು ಪುಟ; ಬಾಡಿಗೆ ಬ್ಯಾಂಕ್ ಮೂಲಕವೇ; ಅನಾಮತ್ತು ಎಷ್ಟು, ಎಂದು, ಯಾವ ಚೆಕ್ಕು ಎಂಬ ನಮೂದು. ಅನಾಮತ್ತು ನಮ್ಮ ಹಣವಲ್ಲ, ಹೊರೆ. ಐದು ಲಕ್ಷ ಅನಾಮತ್ತು ಪಡೆದು ಅದನ್ನೇ ಗಿಲಾವಿಗೆ ಹಾಕಿದವರು ಬಾಡಿಗೆದಾರ ಬಿಡುವ ದಿನ ಇನ್ನೊಬ್ಬ ಬಾಡಿಗೆದಾರನನ್ನು ಹುಡುಕಿ ಅವನ ಅನಾಮತ್ತಿನಿಂದ ಇವನಿಗೆ ಕೊಡುತ್ತಾರೆ. ಹುಡುಕಾಟ ತಡವಾದರೆ ಬಾಡಿಗೆದಾರ ಬಾಡಿಗೆ ಕೊಡದೆಯೇ ಕೀಲಿ ಹಿಡಿದು ಕೂಡುತ್ತಾನೆ. ಅವನದು ತಪ್ಪೆನ್ನಲೂ ಬರುವುದಿಲ್ಲ. ಆಸ್ತಿ ತೆರಿಗೆಯನ್ನು ಏಪ್ರಿಲ್‌ನಲ್ಲಿಯೇ ಕಟ್ಟಿದರೆ ಶೇ. 5 ರಿಯಾಯಿತಿ ಇದೆ. ವಾಸದ ಮನೆಯೆಂದು ತೋರಿಸಿ ಅಂಗಡಿಗೆ ಕೊಟ್ಟವರು ಒಂದಲ್ಲ ಒಂದು ದಿನ ಪುರಸಭೆಗೆ ಉತ್ತರ ಹೇಳಬೇಕಾಗುತ್ತದೆ.

ವಿದ್ಯುತ್ ಮೀಟರು ಪ್ರತಿ ಮಳಿಗೆಗೆ, ಪ್ರತಿ ಮನೆಗೆ ಬೇರೆಯೇ ಇರಲಿ. ಗೋಕಾಕ, ಮೂಡಲಗಿಗಳಲ್ಲಿ ಹೆಸ್ಕಾಂ ಇದ್ದರೆ ಹುಕ್ಕೇರಿ ತಾಲೂಕಿನಲ್ಲಿ 1969ರಲ್ಲಿ ಆರಂಭವಾದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವೇ ಸರಬರಾಜು ಮಾಡುತ್ತದೆ. ಎಲ್ಲಿಯೇ ಆಗಲಿ, ಬಾಡಿಗೆದಾರ ಉಳಿಸಿ ಹೋದ ಬಿಲ್ಲಿಗೆ ಕೊನೆಗೆ ಮಾಲೀಕನೇ ಓಡಾಡಬೇಕು. ವಾಸದ ಮನೆಗಳನ್ನು ಬಾಡಿಗೆಗೆ ಕೊಟ್ಟವರಿಗೆ ಇನ್ನೊಂದು ಕಾರಣವಿದೆ. 2023ರಲ್ಲಿ ಬಂದ ಗೃಹಜ್ಯೋತಿ ಯೋಜನೆಯಲ್ಲಿ ಬಾಡಿಗೆದಾರರಿಗೂ ಅವಕಾಶ ನೀಡಲಾಯಿತು. ಮೂರು ಮನೆಗೆ ಒಂದೇ ಮೀಟರು ಹಾಕಿದ ಮಾಲೀಕರ ಮನೆಗಳಿಗೆ ಆಗ ಬೇಡಿಕೆ ಕುಸಿದದ್ದು ನನ್ನ ಕಣ್ಣೆದುರಿಗೇ ನಡೆಯಿತು.

ಕೊನೆಯದಾಗಿ ಹೊಳೆ. 2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಲೋಳಸೂರ ಸೇತುವೆ ಮುಳುಗಿ ಗೋಕಾಕ ಪೇಟೆಯೊಳಗೆ ನೀರು ನುಗ್ಗಿದ್ದನ್ನು ಯಾರೂ ಮರೆತಿಲ್ಲ. 2021ರ ಜುಲೈಯಲ್ಲಿ, ಮತ್ತೆ 2024ರ ಜುಲೈಯಲ್ಲಿ ಹೊಳೆ ಬಂದಿತು. ಆದ್ದರಿಂದ ನಿವೇಶನ ನೋಡಲು ಹೋದವರು ನೆರೆಮನೆಯ ಗೋಡೆಯ ಮೇಲಿನ ನೀರಿನ ಗುರುತನ್ನು ನೋಡಿ ಬರಬೇಕು. ಉತಾರದಲ್ಲಿ ಅದು ಬರೆದಿರುವುದಿಲ್ಲ. ಕಟ್ಟಡದ ವಿಮೆ ಮಾಲೀಕನದು, ಮಾಲಿನ ವಿಮೆ ಬಾಡಿಗೆದಾರನದು ಎಂದು ಕರಾರಿನಲ್ಲಿ ಸ್ಪಷ್ಟವಾಗಿ ಬರೆಯಬೇಕು. 2021ರ ಏಪ್ರಿಲ್‌ನಿಂದ ಬಂದಿರುವ ಪ್ರಮಾಣಿತ ಪಾಲಿಸಿಗಳಲ್ಲಿ ವಾಸದ ಮನೆಗೆ ಭಾರತ್ ಗೃಹ ರಕ್ಷಾ, 5 ಕೋಟಿಯವರೆಗಿನ ವ್ಯಾಪಾರ-ಉದ್ದಿಮೆಗೆ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಇವೆ. ಎರಡರಲ್ಲಿಯೂ ನೆರೆಯ ಹಾನಿ ಸೇರಿದೆ. ಗೃಹ ರಕ್ಷಾದಲ್ಲಿ ಮನೆ ವಾಸಕ್ಕೆ ಬಾರದ ಅವಧಿಯ ಬಾಡಿಗೆ ನಷ್ಟಕ್ಕೂ ಪರಿಹಾರವಿದೆ. 1882ರ ಕಾಯ್ದೆ ಬರೆದವರು ಕೂಡ ನೆರೆಯನ್ನು ಮರೆತಿರಲಿಲ್ಲ: ಬೆಂಕಿ, ಬಿರುಗಾಳಿ, ಪ್ರವಾಹಗಳಿಂದ ಕಟ್ಟಡ ಶಾಶ್ವತವಾಗಿ ಉಪಯೋಗಕ್ಕೆ ಬಾರದಂತಾದರೆ ಕರಾರನ್ನು ರದ್ದೆಂದು ತಿಳಿಯುವ ಹಕ್ಕು ಬಾಡಿಗೆದಾರನಿಗಿದೆ. ತಾತ್ಕಾಲಿಕವಾಗಿ ಮುಚ್ಚಿದ ದಿನಗಳ ಬಾಡಿಗೆಯ ಬಗ್ಗೆ ಮಾತ್ರ ಕರಾರಿನಲ್ಲಿಯೇ ಬರೆದುಕೊಳ್ಳಬೇಕು.

2019ರಲ್ಲಿ ನೀರು ಇಳಿದ ಮೇಲೆ ಒಬ್ಬ ಮಾಲೀಕರು ತಮ್ಮ ನಾಲ್ಕು ಮಳಿಗೆಗಳ ಬಾಡಿಗೆದಾರರಿಗೆ ಎರಡು ತಿಂಗಳ ಬಾಡಿಗೆ ಬಿಟ್ಟರು. ನಷ್ಟವಾಯಿತಲ್ಲ ಎಂದು ನಾನೇ ಆಕ್ಷೇಪಿಸಿದ್ದೆ. ಅವರು ತಮ್ಮ ಪುಸ್ತಕ ತೆರೆದು ತೋರಿಸಿದರು: ಅದಕ್ಕೆ ಮೊದಲಿನ ಹತ್ತು ವರ್ಷಗಳಲ್ಲಿ ಮಳಿಗೆಗಳು ಖಾಲಿ ಬಿದ್ದ ತಿಂಗಳುಗಳ ಮೊತ್ತವನ್ನು ಬರೆದಿಟ್ಟಿದ್ದರು, ಅದು ಬಿಟ್ಟ ಬಾಡಿಗೆಯ ಮೂರು ಪಟ್ಟಿತ್ತು. ನಾಲ್ವರಲ್ಲಿ ಮೂವರು ಬಾಡಿಗೆದಾರರು ಇಂದಿಗೂ ಅಲ್ಲಿಯೇ ಇದ್ದಾರೆ.